ಹುಣಸೆಮರಕ್ಕೆ ಅಂಟಿದ ನೋಟೀಸು

೧೮ ಜೂನ್ ೧೯೪೭, ಬುಧವಾರ

ಬೆಟಗೇರಿಯ ನೇಕಾರ ಓಣಿಯ ನಿವಾಸಿಯೂ, ಮೆಟ್ರಿಕ್ ಪರೀಕ್ಷೆಯನ್ನು ಎರಡು ಸಲ ಎದುರಿಸಿ ಎರಡು ಸಲವೂ ಮರ್ಯಾದೆಯಿಂದ ಹಿಂದೆ ಸರಿದವನೂ, ಸದ್ಯ ಗದಗಿನ ಕಚೇರಿಯ ಮುಂದೆ ಅರ್ಜಿ ಬರೆಯುವವರ ಕೈಕೆಳಗೆ ನಕಲು ಮಾಡುವವನೂ ಆದ ಅಂದಪ್ಪ, ವಯಸ್ಸು ಹತ್ತೊಂಬತ್ತು, ಇಂದಿನಿಂದ ದಿನಚರಿ ಬರೆಯತಕ್ಕದ್ದೆಂದು ನಿಶ್ಚಯಿಸಿದ್ದಾನೆ. ಓದುಗರು: ಅವನೊಬ್ಬನೇ. ಕಾರಣ: ಅವನಿಗೆ ಘೋರ ಅನ್ಯಾಯವಾಗಿದೆ.

ಅನ್ಯಾಯ ಮಾಡಿದವರು ಹುಚ್ಚೀರಪ್ಪನವರು. ನೂಲಿನ ಅಂಗಡಿಯ ಧಣಿ, ಓಣಿಗೆ ಹಿರಿಯರು, ನಲವತ್ತೆರಡರ ಚಳವಳಿಯಲ್ಲಿ ಹನ್ನೆರಡು ದಿನ ಜೈಲು ಕಂಡವರು. ಆಗಸ್ಟ್ ಹದಿನೈದಕ್ಕೆ ಇಂಗ್ಲಿಷರು ಹೊರಡುತ್ತಾರೆಂಬ ಖಬರು ಬಂದಾಗಿನಿಂದ ಅವರು ಓಣಿಯಲ್ಲಿ ಪರದೇಶಿ ವಸ್ತು ಹುಡುಕುತ್ತ ತಿರುಗುತ್ತಿದ್ದಾರೆ. ಇಂದು ನನ್ನ ಕಿಸೆಯಲ್ಲಿ ಒಂದು ಸಿಕ್ಕಿತು.

“ಏನಲೇ ಅಂದ್ಯಾ, ಈ ಪೆನ್ನು ಎಲ್ಲೀದು?”

“ವಿಲಾಯತಿದ್ರಿ, ಧಣ್ಯಾರ.”

“ವಿಲಾಯತಿ ಪೆನ್ನಿಲೆ ಬರದ ಅರ್ಜಿ ದೇವರಿಗೂ ಮುಟ್ಟಂಗಿಲ್ಲ,” ಎಂದವರೇ ಬಾವಿಗೆ ಎಸೆದರು. ಮೂರು ತಿಂಗಳು ಚಹಾ ಬಿಟ್ಟು ಕೊಂಡ ಪೆನ್ನು. ಬಾವಿ ಅದನ್ನು ಒಂದೇ ಗುಟುಕಿಗೆ ನುಂಗಿತು.

ಚಿಗವ್ವನ ಮುಂದೆ ಹೇಳಿಕೊಂಡೆ. ಓಣಿಯ ನಡುವಿನ ಹುಣಸೆಮರದ ಕೆಳಗೆ ಬೀಜ ಹುರಿಯುತ್ತಿದ್ದಳು. ತಲೆ ಎತ್ತದೆ ಅಂದಳು: “ಪೆನ್ನು ಹೋದ್ರ ಹೋತು. ಕೈ ಐತಲ್ಲ.”

ಸಾವಂತ್ರೆವ್ವ ನನ್ನ ಚಿಗವ್ವ; ಅವ್ವ ತೀರಿದ ಮೇಲೆ ನನ್ನನ್ನು ಸಾಕಿದವಳು. ಹಣ್ಣು ಬಡಿದ ಮೇಲೆ ಎಲ್ಲ ಮನೆಯ ಹುಣಸೆಬೀಜ ಅವಳ ಪಾಲಿಗೆ ಬರುತ್ತದೆ. ಹುರಿಯುತ್ತಾಳೆ, ಸಿಪ್ಪೆ ತೆಗೆಯುತ್ತಾಳೆ, ಬೀಸಿ ಹಿಟ್ಟು ಮಾಡುತ್ತಾಳೆ. ಆ ಹಿಟ್ಟನ್ನು ಕುದಿಸಿದರೆ ಗಂಜಿ. ಓಣಿಯ ನೇಕಾರರು ಮಗ್ಗಕ್ಕೆ ಏರಿಸುವ ಮೊದಲು ನೂಲಿನ ಹಾಸನ್ನು ಇದೇ ಮರದ ನೆರಳಲ್ಲಿ ಉದ್ದಕ್ಕೆ ಬಿಗಿದು, ಕುಂಚದಿಂದ ಗಂಜಿ ಹಚ್ಚುತ್ತಾರೆ. ಹಚ್ಚದಿದ್ದರೆ ಎಳೆ ಮಗ್ಗದ ಪೆಟ್ಟು ತಾಳುವುದಿಲ್ಲ. ಹಿಟ್ಟು ಕೊಟ್ಟು ಜೋಳ ತರುತ್ತಾಳೆ. ನಮ್ಮ ರೊಟ್ಟಿ ಆ ಮರದಿಂದಲೇ ಉದುರುತ್ತದೆ ಅಂದರೂ ಸರಿ.

ಸೇಡು ತೀರಿಸತಕ್ಕದ್ದು. ವಿಧಾನ ಮುಂದೆ ನಿರ್ಧರಿಸಲಾಗುವುದು.

೨೦ ಜೂನ್, ಶುಕ್ರವಾರ

ವಿಧಾನ ತಾನಾಗಿ ಬಂದಿತು.

ಇಸಾಕಣ್ಣ ಓಣಿಯ ಕೊನೆಯ ಮನೆಯವನು. ಯುದ್ಧದಲ್ಲಿ ಪಲ್ಟನ್ನಿನೊಡನೆ ಆಫ್ರಿಕಾಕ್ಕೆ ಹೋಗಿ ಎಡಗೈಯ ಎರಡು ಬೆರಳು ಅಲ್ಲೇ ಬಿಟ್ಟು ಬಂದಿದ್ದಾನೆ. ಈಗ ಹತ್ತಿ ಗಿರಣಿಯಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುತ್ತಾನೆ. ನಾನು ಬಲ್ಲ ಜನರಲ್ಲಿ ಸುಳ್ಳು ಹೇಳಲು ಬಾರದವನು ಇವನೊಬ್ಬನೇ. ಅದಕ್ಕಾಗಿ ನನಗೆ ಅವನ ಮೇಲೆ ಕನಿಕರವಿದೆ. ಸಂಜೆ ಮರದ ಕೆಳಗೆ ಕುಳಿತಿದ್ದೆವು. ಉದುರಿದ ಹಳದಿ ಹೂವೊಂದನ್ನು ಬೆರಳಲ್ಲಿ ತಿರುಗಿಸುತ್ತ ಅಂದ:

“ಆ ದೇಶದಾಗ ನಾ ಮೊದಲ ಗುರುತು ಹಿಡಿದದ್ದು ಈ ಗಿಡಾನ ನೋಡು. ಅಡಿವ್ಯಾಗ ತಾನ ಬೆಳದಿತ್ತು. ಯಾರೂ ಹಚ್ಚಿದ್ದಲ್ಲ.”

“ನಮ್ಮವರ ಯಾರರ ಬೀಜಾ ಒಯ್ದಿರಬೇಕು.”

“ನಾನೂ ಹಂಗ ಅಂದೆ. ಪಲ್ಟನ್ ಡಾಕ್ಟರ ನಕ್ಕ. ಇದು ಹುಟ್ಟಿದ್ದ ಇಲ್ಲೆ, ನಿಮ್ಮ ಕಡೆ ಬಂದು ಎಷ್ಟು ಸಾವಿರ ವರ್ಷ ಆತೋ ಯಾರಿಗೆ ಗೊತ್ತು ಅಂದ. ಮತ್ತ ತೊಗರಿ, ಹೆಸರು, ಅವರಿ, ಇವೆಲ್ಲ ಇದರ ಬಳಗ ಅಂತ.”

ಇದು ನನ್ನನ್ನು ಬಿಡಲಿಲ್ಲ. ಮನೆಗೆ ಬಂದು ಒಣಗಿದ ಹುಣಸೆಕಾಯಿಯೊಂದನ್ನು ಬಿಡಿಸಿ ನೋಡಿದೆ. ಖರೆ, ದೊಡ್ಡ ಅವರೆಕಾಯಿಯ ಹಾಗೇ ಬೀಜಗಳು ಸಾಲಾಗಿ ಕುಳಿತಿವೆ. ಹಾಗಾದರೆ ತೊಗರಿಬೇಳೆಯ ಸಾರಿಗೆ ಹುಣಸೆ ಹಿಂಡುವುದು ಸಗೋತ್ರ ವಿವಾಹವೇ? ಶಾಸ್ತ್ರ ಬಲ್ಲವರನ್ನು ಕೇಳತಕ್ಕದ್ದು. ಇನ್ನೊಂದು: ಸಂಜೆಯಾದಂತೆ ಇದರ ಎಲೆಗಳು ಜೋಡಿ ಜೋಡಿಯಾಗಿ ಮುಚ್ಚಿಕೊಳ್ಳುತ್ತವೆ. ಹತ್ತೊಂಬತ್ತು ವರ್ಷ ಇದರ ಕೆಳಗೆ ಆಡಿದವನು ಇಂದು ನೋಡಿದೆ.

ಇರಲಿ. ಹುಚ್ಚೀರಪ್ಪನವರ ಓಣಿಯ ನಟ್ಟನಡುವೆ, ಅವರ ಅಂಗಡಿಯ ಎದುರಿಗೇ, ಮೂವತ್ತು ಮೊಳದ ಪರದೇಶಿ!

೨೧ ಜೂನ್, ಶನಿವಾರ

ಜನ ಏಳುವ ಮೊದಲೇ ಕಾರ್ಯ ಮುಗಿಯಿತು. ಕಚೇರಿಯ ದಪ್ಪ ಕಾಗದ, ಬಿದಿರಿನ ಲೇಖನಿ, ಕರಿ ಮಸಿ. ಕೆಳಗೆ ಮೊಹರು ಬೇಕಿತ್ತು. ಒಂದಾಣೆ ನಾಣ್ಯವನ್ನು ಮಸಿಯಲ್ಲಿ ಅದ್ದಿ ಒತ್ತಿದೆ. ರಾಜನ ತಲೆ ತಲೆಯೋ ಬದನೆಕಾಯಿಯೋ ತಿಳಿಯದಂತೆ ಮೂಡಿತು. ಆದರೂ ಸರಕಾರದ ಕಳೆ ಬಂತು. ನಕಲು ಇಲ್ಲಿ ದಾಖಲಿಸುತ್ತೇನೆ:

“ಜಾಹೀರು ನೋಟೀಸು. ಬೆಟಗೇರಿ ನೇಕಾರ ಓಣಿಯ ಮಧ್ಯಭಾಗದಲ್ಲಿ ಯಾವ ಪರವಾನಿಗೆಯೂ ಇಲ್ಲದೆ ತಲೆಮಾರುಗಳಿಂದ ಠಿಕಾಣಿ ಹೂಡಿರುವ ಹುಣಸೆ ಎಂಬ ಮರಕ್ಕೆ ತಿಳಿಯಪಡಿಸುವುದೇನೆಂದರೆ: ನೀನು ಆಫ್ರಿಕಾ ಖಂಡದ ಮೂಲದವನಿದ್ದು, ಈ ದೇಶದ ಸಾರು, ಚಟ್ನಿ, ತೊಕ್ಕುಗಳಲ್ಲಿ ಅಕ್ರಮವಾಗಿ ಪ್ರವೇಶಿಸಿರುತ್ತೀ. ಆದ್ದರಿಂದ ಬರುವ ಆಗಸ್ಟ್ ಹದಿನೈದರೊಳಗೆ ಬೇರು, ಕೊಂಬೆ, ಬೀಜಸಮೇತ ಹಿಂದೂಸ್ಥಾನವನ್ನು ಬಿಟ್ಟು ತೊಲಗತಕ್ಕದ್ದು. ತಪ್ಪಿದಲ್ಲಿ ಸ್ವದೇಶಿ ಜನರು ನಿನ್ನನ್ನು ಬಹಿಷ್ಕರಿಸತಕ್ಕದ್ದು. ಹುಕುಂ ಮೇರೆಗೆ.”

ಮೊಳೆ ಇರಲಿಲ್ಲ. ಒಲೆಯ ಬದಿಯ ಗಡಿಗೆಯಿಂದ ಒಂದು ಸೌಟು ಗಂಜಿ ತೆಗೆದುಕೊಂಡು, ಮಳೆಯ ಎರಚಲು ತಾಗದ ಕಡೆ, ಬೊಡ್ಡೆಯ ಪೊಟರೆಯೊಳಗೆ ನಯವಾದ ಜಾಗ ನೋಡಿ ಅಂಟಿಸಿದೆ.

ಇನ್ನು ಹುಚ್ಚೀರಪ್ಪನವರ ಮುಖ ನೋಡುವ ಭಾಗ್ಯ.

೨೨ ಜೂನ್, ರವಿವಾರ

ಲೋಕ ತಲೆಕೆಳಗಾಗಿದೆ. ನಾನು ಹಾಸ್ಯ ಬರೆದೆ, ಅವರು ಶಾಸನ ಓದಿದರು.

ಹುಚ್ಚೀರಪ್ಪನವರು ನೋಟೀಸನ್ನು ಮೂರು ಸಲ ಓದಿದರು. ನಗಲಿಲ್ಲ. ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು. ಓಣಿಯನ್ನೆಲ್ಲ ಕೂಡಿಸಿ ಕೇಳಿದರು:

“ಇಸಾಕಾ, ನೀ ಆ ದೇಶ ಕಂಡಾಂವ. ಇದು ಖರೆ ಏನು?”

ಇಲ್ಲ ಎನ್ನು, ಇಲ್ಲ ಎನ್ನು ಎಂದು ನಾನು ಕಣ್ಣಿನಿಂದ ಹೇಳುತ್ತಿದ್ದೆ.

“ಖರೆ ಐತ್ರಿ,” ಎಂದ ಇಸಾಕಣ್ಣ. “ಆದ್ರ ಅದಕೇನು?”

ಅವನ ‘ಅದಕೇನು’ ಯಾರಿಗೂ ಕೇಳಲಿಲ್ಲ. ಹುಚ್ಚೀರಪ್ಪನವರು ನೋಟೀಸಿಗೆ ಕೈಮುಗಿದರು. “ಮೂವತ್ತು ವರ್ಷ ಸ್ವದೇಶಿ ಅಂತ ಕೂಗೇನಿ. ಮೂವತ್ತು ವರ್ಷ ದಿನಾ ಎರಡು ಹೊತ್ತು ಪರದೇಶಿ ಹುಳಿ ಉಂಡೇನಿ. ಯಾವ ಪುಣ್ಯಾತ್ಮ ಬರದಾನೋ, ನನ್ನ ಕಣ್ಣು ತೆರಸ್ಯಾನ.”

ಚರಕದ ಮೇಲೆ ಕೈಯಿಟ್ಟು ಪ್ರತಿಜ್ಞೆಯಾಯಿತು. ಇಂದಿನಿಂದ ಆಗಸ್ಟ್ ಹದಿನೈದರವರೆಗೆ ಓಣಿಯಲ್ಲಿ ಹಣ್ಣು, ಬೀಜ, ಎಲೆ, ಹೂವು, ಹುಣಸೆಯದೆಂಬ ಯಾವುದನ್ನೂ ಯಾರೂ ಮುಟ್ಟತಕ್ಕದ್ದಲ್ಲ. ‘ತಕ್ಕದ್ದು’ ಎಂಬ ಪದವನ್ನು ಅವರು ನನ್ನ ನೋಟೀಸಿನಿಂದಲೇ ಕಲಿತರು.

ಚಿಗವ್ವ ಹಿಂದೆ ನಿಂತು ಕೇಳಿದಳು. ಬಂದು ಒಲೆಯ ಬೆಂಕಿ ಆರಿಸಿದಳು, ಹುರಿಯುವ ಬೋಗುಣಿಯನ್ನು ಬೋರಲು ಹಾಕಿದಳು. ಗಂಜಿಯ ಗಡಿಗೆಯೊಳಗೆ ಒಮ್ಮೆ ಇಣುಕಿ ನೋಡಿ ಮುಚ್ಚಿದಳು.

ಎರಡು ದಿನದಲ್ಲಿ ಎಲ್ಲರಿಗೂ ಸಾಕಾಗುತ್ತದೆ.

೨೯ ಜೂನ್, ರವಿವಾರ

ಸಾಕಾಗಿಲ್ಲ. ಅವಲೋಕನಗಳು ಕೆಳಗಿನಂತಿವೆ.

ಸಾರು: ಓಣಿಯ ಯಾವ ಮನೆಯಲ್ಲೂ ಈಗ ಸಾರು ಎಂಬುದಿಲ್ಲ, ಬೇಳೆ ತೊಳೆದ ಬಿಸಿನೀರಿದೆ. ಮಾವಿನಕಾಯಿ ಮುಗಿದಿದೆ, ನಿಂಬೆ ಸಿಕ್ಕವರಿಗೆ ಸಿಕ್ಕಿತು. ಹುಚ್ಚೀರಪ್ಪನವರು ಎರಡನೆಯ ಸಲ ಬಡಿಸಿಕೊಂಡು ಉಣ್ಣುತ್ತಾರಂತೆ, ಕಣ್ಣಲ್ಲಿ ನೀರು ತಂದುಕೊಂಡು. ಅವರ ಹೆಂಡತಿ ಶಾರದವ್ವ ಬಾವಿಕಟ್ಟೆಯಲ್ಲಿ ಹೇಳಿದರು: “ದೇಶಕ್ಕ ಅಂತಾರ. ನಾ ಹೇಳ್ದೆ, ಹಂಗಾರ ದೇಶಾನ ಅಡಗಿ ಮಾಡ್ಲಿ.”

ತಾಮ್ರದ ಕೊಡಗಳು: ಎಂಟು ದಿನದಲ್ಲಿ ಕರ್ರಗಾಗಿವೆ. ಹುಣಸೆಯಿಲ್ಲದೆ ತಿಕ್ಕಿದರೆ ಹೊಳಪು ಬಾರದು. ಸಾಲಾಗಿ ಇಟ್ಟಾಗ ಓಣಿಗೆ ಸೂತಕ ಬಂದ ಹಾಗಿದೆ.

ಚೌಕಾಬಾರ: ಮುದುಕರ ಆಟ ನಿಂತಿದೆ, ಅವರ ಕವಡೆ ಎಂದರೆ ಒಂದು ಮಗ್ಗುಲು ತೇಯ್ದ ಹುಣಸೆಬೀಜ. ಬೇರೆ ಕೆಲಸವಿಲ್ಲದ್ದರಿಂದ ಎಲ್ಲರಿಗೂ ಬುದ್ಧಿ ಹೇಳುತ್ತಿದ್ದಾರೆ.

ಇಷ್ಟೆಲ್ಲದರಲ್ಲಿ ಈ ಮರವಿತ್ತೆಂದು ನನಗೆ ತಿಳಿದಿರಲಿಲ್ಲ. ಇನ್ನೂ ಎಲ್ಲೆಲ್ಲಿದೆಯೋ ನೋಡಬೇಕು. ಪಟ್ಟಿ ಮಾಡುತ್ತಿದ್ದೇನೆ, ಕೇವಲ ಕುತೂಹಲಕ್ಕೆ.

೮ ಜುಲೈ, ಮಂಗಳವಾರ

ಓಣಿಯ ಇಲಿಗಳಿಗೆ ಸ್ವಾತಂತ್ರ್ಯ ಮೊದಲು ಸಿಕ್ಕಿತು.

ಹುಣಸೆಬೀಜದ ಗಂಜಿಯ ಬದಲು ನೂಲಿಗೆ ಜೋಳದ ಗಂಜಿ ಹಚ್ಚಿರಿ ಎಂದರು ಹುಚ್ಚೀರಪ್ಪನವರು. ರೇಶನ್ ಕಂಟ್ರೋಲಿನ ಕಾಲ, ಉಣ್ಣಲಿಕ್ಕೇ ಜೋಳ ಸಾಲದು. ಆದರೆ ಅವರು ಬರಿ ಮಾತಿನ ಮನುಷ್ಯರಲ್ಲ, ತಮ್ಮ ಮನೆಯ ಚೀಲವನ್ನೇ ತಂದು ಸುರಿದರು. ನನಗೆ ಅವರನ್ನು ಪೂರ್ತಿ ದ್ವೇಷಿಸಲು ಆಗುತ್ತಿಲ್ಲ, ಇದೊಂದು ತೊಂದರೆ. ಜೋಳದ ಗಂಜಿ ಒಣಗಿ ಎಳೆ ಬಿರುಸಾಯಿತು, ಮಗ್ಗದಲ್ಲಿ ಪಟಪಟ ಹರಿಯಿತು. ಉಳಿದದ್ದನ್ನು ಇಲಿಗಳು ತಿಂದವು. ಹುಣಸೆಬೀಜದ ಗಂಜಿಗೆ ಅವು ಬಾಯಿ ಹಾಕುತ್ತಿರಲಿಲ್ಲವಂತೆ; ಚಿಗವ್ವ ಹೇಳಿದಳು.

“ಯಾಕ ಹಾಕಂಗಿಲ್ಲ?” ಎಂದೆ.

“ಅವನ್ನ ಕೇಳು.”

ನಾಲ್ಕು ಮಗ್ಗ ನಿಂತಿವೆ.

೧೪ ಜುಲೈ, ಸೋಮವಾರ

ಹುಚ್ಚೀರಪ್ಪನವರು ಕಳಸಾಪುರದ ಕಡೆಯಿಂದ ಸಕ್ರಪ್ಪನೆಂಬ ಬಡಗಿಯನ್ನು ಕರೆಸಿದ್ದರು. ಎಣ್ಣೆಯ ಗಾಣ ಮಾಡುವವನು. ಮರದ ಸುತ್ತ ಮೂರು ಸುತ್ತು ಹಾಕಿ, ಕಿವಿ ಹಚ್ಚಿ ಕೊಡಲಿಯ ಹಿಂಭಾಗದಿಂದ ಬಡಿದ. “ಒಳಗ ಗಟ್ಟಿ ಐತ್ರಿ. ಹುಣಸಿ ಹೊಟ್ಟಿಯಾಗಿನ ಕಟಗಿ ಕಬ್ಬಿಣ ಇದ್ದಂಗ. ಎರಡು ಗಾಣಕ್ಕ ಆಕ್ಕೈತಿ,” ಎಂದ. ಪಟ್ಟಿಗೆ ಸೇರಿಸಲು ನಾನು ಕಿಸೆಯಿಂದ ಕಾಗದ ತೆಗೆದೆ. ಅರ್ಧ ಬರೆದ ಮೇಲೆ ಕೈ ನಿಂತಿತು.

ಆಗಸ್ಟ್ ಹದಿನಾಲ್ಕಕ್ಕೆ ಕಡಿಯುವುದು. ಮರುದಿನ ಅದೇ ಜಾಗದಲ್ಲಿ ಧ್ವಜ. ಹುಚ್ಚೀರಪ್ಪನವರು ಹೇಳಿದರು: “ನೋಟೀಸಿನ್ಯಾಗ ಬರದೈತಿ, ಬೇರು ಕೊಂಬಿ ಸಮೇತ.”

ಬರೆದದ್ದು ಹೌದು.

ರಾತ್ರಿ ಊಟಕ್ಕೆ ಅರ್ಧ ರೊಟ್ಟಿ. ಚಿಗವ್ವ ತನ್ನ ಅರ್ಧವನ್ನೂ ನನ್ನ ತಾಟಿಗೆ ಹಾಕಿ, “ನಂಗ ಹಸಿವಿಲ್ಲ,” ಎಂದಳು. ಮೂರು ವಾರದಿಂದ ಯಾರೂ ಹಿಟ್ಟು ಒಯ್ದಿಲ್ಲ.

“ಗಿಡಾ ಹೋದ ಮ್ಯಾಲ ನಾ ಶಿರಹಟ್ಟಿಗೆ ಹೋಗ್ತೀನಿ. ತಮ್ಮ ಕರ್ಯಾಕತ್ಯಾನ. ನೀ ಗದಗಿನ್ಯಾಗ ಅರ್ಜಿ ಬರಿಯೋರ ಕಡೆ ಇರು.”

“ಅಲ್ಲಿ ಏನ ಮಾಡ್ತಿ?”

“ತಮ್ಮನ ಹೇಣ್ತಿ ಹೇಳಿದ್ದು ಮಾಡ್ತೀನಿ.”

೧೫ ಜುಲೈ, ಮಂಗಳವಾರ

ಏನೂ ಬರೆಯುವಂತಿಲ್ಲ.

೨೧ ಜುಲೈ, ಸೋಮವಾರ

ಕಾಲು ಉಳುಕಿತು. ಮುಂಜಾನೆ ಎರಚಲು ಮಳೆಯಲ್ಲಿ ನೋಟೀಸನ್ನು ಗುಟ್ಟಾಗಿ ಕಿತ್ತುಬಿಡೋಣವೆಂದು ಹೋಗಿದ್ದೆ. ಉಗುರಿನಿಂದ ಕೆರೆದೆ, ಒಂದು ಚೂರೂ ಏಳಲಿಲ್ಲ. ಯಾರೋ ಬಂದ ಸಪ್ಪಳವಾಗಿ ಓಡುವಾಗ ಬೇರು ಎಡವಿದೆ. ಮರವೇ ಕಾಲು ಹಿಡಿದಂತಾಯಿತು.

ಪಾದ ಕುಂಬಳಕಾಯಿಯಾಗಿದೆ. ಸಂಜೆ ಚಿಗವ್ವ ಬಿಸಿ ಬಿಸಿ ಎಲೆಗಳನ್ನು ಅರೆದು ಕಟ್ಟಿದಳು. ವಾಸನೆಗೇ ತಿಳಿಯಿತು.

“ಚಿಗವ್ವಾ, ಇದು ಹುಣಸಿ ತಪ್ಪಲ. ಪ್ರತಿಜ್ಞಾ?”

“ನಿನ್ನ ಕಾಲು ಪ್ರತಿಜ್ಞಾ ಮಾಡಿಲ್ಲ. ಸುಮ್ನ ಮಲ್ಕೊ.”

ಬಾವು ಇಳಿಯುತ್ತಿದೆ. ಇದನ್ನು ಪಟ್ಟಿಗೆ ಸೇರಿಸಲಿಲ್ಲ.

೨೭ ಜುಲೈ, ರವಿವಾರ

ಕುಂಟುತ್ತ ಇಸಾಕಣ್ಣನ ಮನೆಗೆ ಹೋದೆ. ಎಲ್ಲವನ್ನೂ ಹೇಳಿದೆ, ಈ ಪುಸ್ತಕದ ಹೊರಗೆ ಮೊದಲ ಸಲ. ಅವನು ಬಹಳ ಹೊತ್ತು ನಕ್ಕ. ಆಮೇಲೆ ನಗಲಿಲ್ಲ.

“ನೀ ಅವತ್ತ ಹೇಳಿದ್ದು ಸುಳ್ಳಂತ ಧಣ್ಯಾರ ಮುಂದ ಹೇಳು,” ಎಂದೆ. “ಒಂದು ಸಲ.”

“ಹೆಂಗ ಹೇಳ್ಲಿ? ಅಲ್ಲೆ ಒಂದು ಗುಡ್ಡ ಇತ್ತು. ಹನ್ನೊಂದು ದಿನ ಅದರ ಮ್ಯಾಲ ನೀರಿಲ್ಲ, ನಿದ್ದಿಲ್ಲ. ಬೆರಳು ಹೋದ ದಿನ ನನ್ನ ಕೆಳಗ ಇಳಿಸಿ ಒಂದು ಹುಣಸಿ ಗಿಡದ ಬುಡಕ್ಕ ಮಲಗಿಸಿದ್ರು. ಆ ಊರ ಮುದುಕಿ ಒಬ್ಬಾಕಿ ಬಂದು ಹುಣಸಿ ಕಿವುಚಿದ ನೀರು ಕುಡಿಸಿದ್ಲು. ಬಾಯಾಗ ಹುಳಿ ಇಳೀತು ನೋಡು, ಅಂದ್ಯಾ, ನಾ ಬೆಟಗೇರಿಯಾಗ ಇದ್ದೆ. ಆಕಿ ಏನೋ ಅಂದ್ಲು. ನಾ ‘ಹುಣಸಿ’ ಅಂದೆ. ಆಕಿ ತಲಿ ಅಲ್ಲಾಡಿಸಿ ತನ್ನ ಹೆಸರು ಹೇಳಿದ್ಲು ಗಿಡಕ್ಕ. ಇಬ್ಬರೂ ಜಗಳ ಆಡಿದ್ವಿ, ಅದರ ಹೆಸರು ಯಾವುದಂತ. ಆ ಗಿಡ ಅಲ್ಲೀದಲ್ಲ ಅಂತ ನಾ ಹೆಂಗ ಹೇಳ್ಲಿ?”

ಅವನೇ ಮತ್ತೆ ಅಂದ: “ಮತ್ತ ಜೋಳಾನೂ ಅಲ್ಲೀದ ಅಂದ ಡಾಕ್ಟರ. ಪುಂಡಿಪಲ್ಯಾನೂ ಅಲ್ಲೀದಂತ.”

“ಜೋಳಾ?”

“ಜೋಳಾ.”

ಇದು ಹೊರಬಿದ್ದರೆ ಓಣಿ ಉಪವಾಸ ಬೀಳುತ್ತದೆ. ಪರದೇಶಿ ಹುಣಸೆಯನ್ನು ತೆಗೆದು ನೂಲಿಗೆ ಪರದೇಶಿ ಜೋಳ ಹಚ್ಚಿ, ಮೇಲೆ ಪರದೇಶಿ ರೊಟ್ಟಿಗೆ ಪರದೇಶಿ ಪುಂಡಿಪಲ್ಯ ನಂಜಿಕೊಂಡು ನಾವು ಬಹಿಷ್ಕಾರ ನಡೆಸಿದ್ದೇವೆ. ಎಲ್ಲ ಬಿಟ್ಟರೆ ಉಳಿಯುವುದೇನು? ಇಲಿ ಸ್ವದೇಶಿ ಇರಬಹುದು. ಅದನ್ನೂ ಕೇಳಬೇಕು.

೩ ಆಗಸ್ಟ್, ರವಿವಾರ

ಮರ ಉಳಿದೀತೆಂದು ಹುಚ್ಚೀರಪ್ಪನವರ ಅಂಗಡಿಗೆ ಹೋಗಿ ಜೋಳದ ವಿಷಯ ಹೇಳಿದೆ. ಕನ್ನಡಕದ ಮೇಲಿಂದ ನೋಡಿದರು.

“ಲೇ, ಹೋದ ವರ್ಷ ಬಾವಿಯಾಗ ಮೊಸಳಿ ಬಂದೈತಿ ಅಂತ ಹೇಳಿದವನು ನೀನ ಅಲ್ಲೇನು? ಅದರ ಹಿಂದಿನ ವರ್ಷ ಗವರ್ನರ ಬರ್ತಾನ ಅಂತ ಓಣಿ ಕಸಾ ಹೊಡಿಸಿದ್ದಿ.”

“ಇದು ಖರೆ ಐತ್ರಿ ಧಣ್ಯಾರ. ಇಸಾಕಣ್ಣನ್ನ ಕೇಳ್ರಿ.”

“ನಿನ್ನ ಮಾತು ಹಿಡಕೊಂಡು ಅವನ್ನ ಕೇಳಾಕ ಹೋಗ್ಲೇನು? ಆ ನೋಟೀಸು ಬರದಾಂವನ್ನ ನೋಡಿ ಕಲಿ. ಒಂದು ಅಕ್ಷರ ಹಗರ ಇಲ್ಲ. ಎಷ್ಟ ಗಂಭೀರ ಮನಷ್ಯಾ ಇರಬೇಕು!”

ನನ್ನ ಗಾಂಭೀರ್ಯವನ್ನು ಮೆಚ್ಚಿದವರು ಜಗತ್ತಿನಲ್ಲಿ ಇವರೊಬ್ಬರೇ. ಅಲ್ಲೇ ಹೇಳಿಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅವರು ಸಿಟ್ಟಾಗುತ್ತಾರೆಂದಲ್ಲ, ಮಾತು ಸಂಜೆಯೊಳಗೆ ಮರದ ಕೆಳಗೆ ಮುಟ್ಟುತ್ತದೆ. ಬೋಗುಣಿ ಬೋರಲಾದದ್ದು ನನ್ನ ಕೈಯಿಂದ ಎಂದು ಚಿಗವ್ವನಿಗೆ ತಿಳಿಯುತ್ತದೆ.

ನೂಲಿನ ದರ ಕೇಳಿ ಮನೆಗೆ ಬಂದೆ.

೧೦ ಆಗಸ್ಟ್, ರವಿವಾರ

ಚಿಗವ್ವ ಬೀಸುಕಲ್ಲನ್ನು ಶಾರದವ್ವನವರ ಮನೆಗೆ ಕೊಟ್ಟಳು. ಗಂಟು ಕಟ್ಟಿದ್ದಾಳೆ. ಚಿಕ್ಕ ಗಂಟು.

೧೪ ಆಗಸ್ಟ್, ಗುರುವಾರ

ಕ್ರಮವಾಗಿ ಬರೆಯಬೇಕು.

ನಿನ್ನೆ ಇಡೀ ದಿನ ಓಣಿ ಶೃಂಗಾರವಾಯಿತು. ಮಕ್ಕಳು, ಹೆಂಗಸರು, ಮುದುಕರು, ಎಲ್ಲರೂ ಮೂರು ಬಣ್ಣದ ಕಾಗದ ಕತ್ತರಿಸಿ, ದಾರಕ್ಕೆ ಪತಾಕೆ ಅಂಟಿಸಿ ಈ ತುದಿಯಿಂದ ಆ ತುದಿಗೆ ಕಟ್ಟಿದರು. ಅಂಟಿಗೆ ಜೋಳದ ಗಂಜಿ. ರಾತ್ರಿ ಮಳೆ ಬಂತು. ದೊಡ್ಡದೇನಲ್ಲ, ಆದರೆ ಸಾಕಾಯಿತು. ಬೆಳಗ್ಗೆ ಎದ್ದು ನೋಡಿದರೆ ಒಂದು ಪತಾಕೆಯೂ ದಾರದ ಮೇಲಿಲ್ಲ. ಎಲ್ಲ ಕೆಸರಿನಲ್ಲಿ. ಆಡುಗಳು ಗಂಜಿಯ ರುಚಿಗೆ ಕಾಗದ ತಿನ್ನುತ್ತಿದ್ದವು. ಒಂದು ಆಡಿನ ಗಡ್ಡದಲ್ಲಿ ಕೇಸರಿ ಚೂರು ಅಂಟಿತ್ತು. ಹುಚ್ಚೀರಪ್ಪನವರು ಅದನ್ನು ನೋಡುತ್ತ ಬರಿ ತಲೆಯಲ್ಲಿ ನಿಂತಿದ್ದರು.

ಆಗ ಸಕ್ರಪ್ಪ ಕೊಡಲಿ ಹೊತ್ತು ಬಂದ. ಮರದ ಹತ್ತಿರ ಹೋದವನು ಪೊಟರೆಯಲ್ಲಿ ಕಾಗದ ಕಂಡು ನಿಂತ.

“ಇದನ್ನ ತಗೀರಿ ಮೊದಲ. ಸರಕಾರಿ ಕಾಗದ ಇದ್ದ ಗಿಡಕ್ಕ ನಾ ಕೊಡ್ಲಿ ಹಾಕಂಗಿಲ್ಲ. ಒಮ್ಮೆ ಹಾಕಿ ಮೂರು ದಿನ ಚಾವಡಿಯಾಗ ಕುಂತೀನಿ.”

“ನಾಳಿಗೆ ಆ ಸರಕಾರಾನ ಇರಂಗಿಲ್ಲೋ,” ಎಂದರು ಹುಚ್ಚೀರಪ್ಪನವರು.

“ನಾಳಿಗೆ ಇರಂಗಿಲ್ರಿ, ಇವತ್ತು ಐತಲ್ರಿ. ರಾಜನ ತಲಿ ಐತಿ ಇದರಾಗ.”

ನನ್ನ ಬದನೆಕಾಯಿಯನ್ನು ಗುರುತಿಸಿದವನು ಇವನೊಬ್ಬ. ಹುಚ್ಚೀರಪ್ಪನವರು ಕೈಯಿಂದ ಕೀಳಲು ನೋಡಿದರು. ಏಳಲಿಲ್ಲ. ನೀರು ಹಾಕಿ ಉಜ್ಜಿದರು. ಮಸಿ ಕರಗಿತು, ಕಾಗದ ಕದಲಲಿಲ್ಲ. ಐವತ್ತು ದಿನ ಮಳೆಗಾಲದ ತೇವ ಕುಡಿದ ಕಾಗದ. ಅವರು ತಿರುಗಿ ಕೆಸರಿನ ಪತಾಕೆಗಳನ್ನು ನೋಡಿದರು, ಮತ್ತೆ ನೋಟೀಸನ್ನು ನೋಡಿದರು.

“ಇದನ್ನ ಯಾವುದರಿಂದ ಅಂಟಿಸ್ಯಾರ?”

ಸಕ್ರಪ್ಪ ಅಂಚಿಗೆ ಬೆರಳು ಒತ್ತಿ ಮೂಸಿದ. “ಹುಣಸಿ ಬೀಜದ ಗಂಜಿ ಅಲ್ರೀ? ಮತ್ತೇನು?”

ಹುಣಸೆಬೀಜದ ಗಂಜಿಯ ಗಡಿಗೆ ಯಾವ ಮನೆಯಲ್ಲಿ ಸದಾ ಇರುತ್ತದೆಂದು ಎಲ್ಲರಿಗೂ ಗೊತ್ತು. ಎಲ್ಲರೂ ಚಿಗವ್ವನ ಕಡೆ ತಿರುಗಿದರು. ಅವಳು ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

“ಗಂಜಿ ನನ್ನ ಗಡಿಗೀದು,” ಎಂದಳು. “ನಾನ ಅಂಟಿಸೇನಿ ಅನ್ಕೋರಿ.”

“ನಿನಗ ಬರಿಯಾಕ ಬರತೈತೇನು, ಸಾವಂತ್ರೆವ್ವ?”

“ಕಲಿತಿದ್ದೆ.”

ಅವಳು ಅಷ್ಟು ಕೆಟ್ಟದಾಗಿ ಸುಳ್ಳು ಹೇಳಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಅವಳಿಗೆ ಗೊತ್ತಿತ್ತು. ಗಡಿಗೆಯಲ್ಲಿ ಇಣುಕಿದ ದಿನದಿಂದಲೇ ಗೊತ್ತಿತ್ತು. ಅರ್ಧ ರೊಟ್ಟಿ ಹಾಕುವಾಗ ಗೊತ್ತಿತ್ತು, ಕಾಲಿಗೆ ತಪ್ಪಲು ಕಟ್ಟುವಾಗ ಗೊತ್ತಿತ್ತು.

“ನಾನ್ರಿ,” ಎಂದೆ. “ನಾ ಬರದೆ. ನಾನ ಅಂಟಿಸಿದೆ.”

ಹುಚ್ಚೀರಪ್ಪನವರು ನನ್ನ ಖಾಲಿ ಕಿಸೆಯನ್ನು ನೋಡಿದರು. “ಪೆನ್ನಿಗೇನಲೇ?”

“ಹೌದ್ರಿ.”

ಯಾರೋ ಚಪ್ಪಲಿ ತೆಗೆದರು. ಐವತ್ತಮೂರು ದಿನ ಹುಳಿಯಿಲ್ಲದೆ ಉಂಡ ಜನ, ಹೊಡೆದರೆ ತಪ್ಪೆನ್ನುವಂತಿರಲಿಲ್ಲ. ಹುಚ್ಚೀರಪ್ಪನವರು ಕೈ ಎತ್ತಿ ತಡೆದರು. ಬದುಕಿದೆ ಎಂದುಕೊಂಡೆ. ಆಮೇಲೆ ಅವರು ಅಂದದ್ದು:

“ಇವನ ಹಿಸಾಬು ಆಮ್ಯಾಲ. ಬರದಾಂವ ಕೆಟ್ಟಾಂವ ಇರಬಹುದು, ಬರದದ್ದು ಸುಳ್ಳೇನು? ಇಸಾಕಾ, ಗಿಡ ಪರದೇಶೀದು ಹೌದೋ ಅಲ್ಲೋ?”

“ಹೌದ್ರಿ,” ಎಂದ ಇಸಾಕಣ್ಣ, ಅಳುವ ಹಾಗೆ.

“ಹಾಕೋ ಸಕ್ರಪ್ಪ.”

ಆಗ ಶಾರದವ್ವ ಬಂದರು. ಕೈಯಲ್ಲೊಂದು ಭರಣಿ. ಹೋಗಿ ಮರಕ್ಕೆ ಬೆನ್ನು ಕೊಟ್ಟು ನಿಂತು, ಭರಣಿಯ ಬಾಯಿ ಬಿಚ್ಚಿ, ಹುಣಸಿಕಾಯಿ ತೊಕ್ಕನ್ನು ಬೆರಳಿನಿಂದ ತೆಗೆದು ಎಲ್ಲರೆದುರು ಬಾಯಿಗಿಟ್ಟುಕೊಂಡರು.

“ಏನಿದು!” ಎಂದರು ಹುಚ್ಚೀರಪ್ಪನವರು.

“ಜೋಳದ ಚೀಲದ ಹಿಂದ ಮುಚ್ಚಿಟ್ಟಿದ್ದೆ. ಚೀಲ ನೀವು ಖಾಲಿ ಮಾಡಿದ್ರಿ, ಇನ್ನ ಎಲ್ಲಿ ಮುಚ್ಚಿಡ್ಲಿ? ಕೇಳ್ರಿಲ್ಲೆ. ನಾ ಲಕ್ಷ್ಮೇಶ್ವರದಾಕಿ. ನಮ್ಮೂರಾಗ ಇನ್ನೂ ಮಿರಜ ಸಂಸ್ಥಾನದ ಆಳಿಕಿ. ನಾಳೆ ನಿಮ್ಮ ಝೇಂಡಾ ಏರಿದ್ರೂ ನನ್ನ ತವರಮನ್ಯಾಗ ರಾಜರ ಇರ್ತಾರ. ಮೂವತ್ತು ವರ್ಷ ಎರಡು ಹೊತ್ತು ನನ್ನ ಕೈ ಅಡಗಿನೂ ಉಂಡೀರಿ. ನಾನೂ ಪರದೇಶಿ. ನನ್ನೂ ಕಡೀರಿ.”

ಚಿಗವ್ವ ಗಂಟು ಕೆಳಗಿಟ್ಟು ಅವರ ಪಕ್ಕ ಹೋಗಿ ನಿಂತಳು. “ನಾ ಶಿರಹಟ್ಟ್ಯಾಕಿ. ಸಾಂಗಲಿ ಸಂಸ್ಥಾನ.”

“ನಾ ಕೊಪ್ಪಳದಾಕಿ,” ಎಂದು ಮೂರನೆಯ ಮನೆಯ ಸೊಸೆ ಬಂದಳು. “ನಿಜಾಮನ ಕಡೇದಾಕಿ.” ಸವಣೂರಿನವಳೊಬ್ಬಳು ಬಂದಳು, ನವಾಬರ ಊರಿನವಳು. ಆಮೇಲೆ ಬರಿ ಮುಂಡರಗಿ, ಬಾಳೆಹೊಸೂರಿನವರೂ ಬಂದು ನಿಂತರು, ಹೇಳಲು ಯಾವ ಸಂಸ್ಥಾನವೂ ಇಲ್ಲದಿದ್ದರೂ. ಮರದ ಬೊಡ್ಡೆ ಕಾಣದಾಯಿತು. ತೊಕ್ಕಿನ ಭರಣಿ ಕೈಯಿಂದ ಕೈಗೆ ಹೋಗುತ್ತಿತ್ತು.

ಸಕ್ರಪ್ಪ ಕೊಡಲಿಯನ್ನು ನೆಲಕ್ಕೂರಿ ಕುಳಿತು ಬೀಡಿ ಹಚ್ಚಿದ.

ಹುಚ್ಚೀರಪ್ಪನವರು ಹೆಂಡತಿಯನ್ನು ನೋಡಿದರು, ಭರಣಿಯನ್ನು ನೋಡಿದರು. ಕೆಸರಿನಿಂದ ಒಂದು ಪತಾಕೆ ಎತ್ತಿ ಧೋತರಕ್ಕೆ ಒರೆಸಿದರು. ಆಮೇಲೆ ಕೇಳಿದರು:

“ಸಾವಂತ್ರೆವ್ವ, ಆ ಗಡಿಗ್ಯಾಗ ಇನ್ನೂ ಹಿಟ್ಟಿನ ಗಂಜಿ ಐತೇನು? ನಾಳಿಗೆ ಮತ್ತ ಮಳಿ ಬರೂಹಂಗ ಐತಿ.”

“ಗಂಜಿ ಹಳಸಿ ಹೋಗೇತ್ರಿ. ಹುರದ ಬೀಜ ಅದಾವ, ಬೀಸಿ ಕುದಿಸ್ತೀನಿ. ಬೀಸುಕಲ್ಲು ಮಾತ್ರ ನಿಮ್ಮ ಮನ್ಯಾಗ ಐತಿ.”

ಬೀಸುಕಲ್ಲನ್ನು ಹೊತ್ತು ತರುವ ಶಿಕ್ಷೆ ನನಗೆ. ಇಡೀ ಓಣಿಗೆ ಹೊಸ ಪತಾಕೆ ಕತ್ತರಿಸಿ ಅಂಟಿಸುವ ಶಿಕ್ಷೆಯೂ ನನಗೆ. ಸಂಜೆಯವರೆಗೆ ಅಂಟಿಸಿದೆ. ಬೆರಳುಗಳು ಈಗಲೂ ಒಂದಕ್ಕೊಂದು ಅಂಟುತ್ತಿವೆ.

೧೫ ಆಗಸ್ಟ್, ಶುಕ್ರವಾರ

ಬಿದಿರಿನ ಕಂಬವನ್ನು ಹುಣಸೆಮರಕ್ಕೇ ಕಟ್ಟಿ ಧ್ವಜ ಏರಿಸಿದರು. ಜಿನುಗು ಮಳೆ. ಒಂದು ಪತಾಕೆಯೂ ಬೀಳಲಿಲ್ಲ. ಇಸಾಕಣ್ಣ ಮೂರು ಬೆರಳಿನ ಕೈ ಪಕ್ಕಕ್ಕೆ ಬಿಗಿದು, ಇನ್ನೊಂದರಿಂದ ಸಲಾಮು ಹೊಡೆದ. ಮಧ್ಯಾಹ್ನ ಎಲ್ಲ ಮನೆಯಲ್ಲೂ ಸಾರಿಗೆ ಎಷ್ಟು ಹುಳಿ ಹಿಂಡಿದ್ದರೆಂದರೆ ಮುದುಕರ ಉಳಿದ ಹಲ್ಲೂ ಜುಮ್ಮೆಂದವು. ಹುಚ್ಚೀರಪ್ಪನವರು ಬಾವಿಗೆ ಕೊಕ್ಕೆಗಳ ಪಾತಾಳಗರಡಿ ಇಳಿಸಿ ಹುಡುಕಿಸಿದರು. ಎರಡು ಕೊಡ, ಒಂದು ತಂಬಿಗೆ ಬಂದವು. ಪೆನ್ನು ಬರಲಿಲ್ಲ. “ಇರಲಿ ಬಿಡ್ರಿ,” ಎಂದೆ.

೧೯ ಆಗಸ್ಟ್, ಮಂಗಳವಾರ

ಕಚೇರಿಗೆ ತಡವಾಯಿತು, ಬೀಜದ ಸಿಪ್ಪೆ ಬಿಡಿಸುವುದಿತ್ತು. ಹದವಾಗಿ ಹುರಿಯದಿದ್ದರೆ ಸಿಪ್ಪೆ ಬಿಡುವುದಿಲ್ಲ. ಹೆಚ್ಚು ಹುರಿದರೆ ಹಿಟ್ಟಿಗೆ ಅಂಟು ಬಾರದು. ಸಪ್ಪಳದಿಂದ ತಿಳಿಯುತ್ತದೆ ಅನ್ನುತ್ತಾಳೆ ಚಿಗವ್ವ. ನನಗೆ ಇನ್ನೂ ತಿಳಿಯುತ್ತಿಲ್ಲ. ಐದು ಮನೆಯವರು ಹಿಟ್ಟು ಒಯ್ದರು.

ಗಂಜಿಯ ಒಂದು ಸೌಟಿನ ಮಾತು ಅವಳು ಎತ್ತಲಿಲ್ಲ. ನಾನೂ ಎತ್ತಲಿಲ್ಲ.

ಸಂಜೆ ನೀರು, ಕತ್ತಿ ತೆಗೆದುಕೊಂಡು ನೋಟೀಸನ್ನು ತೆಗೆಯಲು ಹೋದೆ. ಎಲೆಗಳು ಮುಚ್ಚಿಕೊಳ್ಳುತ್ತಿದ್ದವು. ಮಸಿ ಪೂರ್ತಿ ಹೋಗಿದೆ. ರಾಜನ ತಲೆಯೂ ಇಲ್ಲ. ಬರಿ ಕಾಗದ ತೊಗಟೆಯ ಹಾಗೆ ಅಂಟಿಕೊಂಡಿದೆ. ಅರ್ಧ ತಾಸು ಕೆರೆದೆ.

“ಏನಲೇ ಅದು?” ಎಂದಳು ಚಿಗವ್ವ, ಬೋಗುಣಿ ಅಲ್ಲಾಡಿಸುತ್ತ.

“ನೋಟೀಸು. ಬರವಲ್ದು.”

“ಏನರ ಬರದೈತೇನು ಅದರಾಗ ಇನ್ನ?”

“ಏನೂ ಇಲ್ಲ.”

“ಹಂಗಾರ ಇರಲಿ ಬಿಡು. ಬಾ, ಬೀಜಾ ಸೀದ ಹೋಗ್ತಾವ.”